ಡಿಟೆಕ್ಟರ್ ಓದು ಇಳಿದ ಮಾತ್ರಕ್ಕೆ ಋಣ ವಕ್ರೀಭವನ ಸಾಬೀತಾಗುತ್ತದೆಯೇ?

ವಿದ್ಯಾರ್ಥಿನಿ, ಎಲೆಕ್ಟ್ರಾನಿಕ್ಸ್, ಹಾಸನ:
ನಮ್ಮ ಕಾಲೇಜಿನ ಪ್ರಾಜೆಕ್ಟ್ ಪ್ರದರ್ಶನದಲ್ಲಿ ನಮ್ಮ ತಂಡ ಒಂದು ಮೆಟಾಮೆಟೀರಿಯಲ್ (ಪುಟ್ಟ ರಚನೆಗಳನ್ನು ಸಾಲಾಗಿ ಜೋಡಿಸಿ ಗುಣ ಬರಿಸಿದ ಕೃತಕ ವಸ್ತು) ಮಾದರಿಯನ್ನು ಇಟ್ಟಿತ್ತು. ಎಫ್‌ಆರ್-4 (ಸರ್ಕ್ಯೂಟ್ ಬೋರ್ಡಿಗೆ ಬಳಸುವ ಗಾಜುನಾರಿನ) ಹಲಗೆಯ ಮೇಲಿನ ತಾಮ್ರವನ್ನು ಫೆರಿಕ್ ಕ್ಲೋರೈಡ್‌ನಲ್ಲಿ ಕರಗಿಸಿ, ಒಂದು ಕಡೆ ಸೀಳಿರುವ ಪುಟ್ಟ ಉಂಗುರಗಳನ್ನು ಸಾಲಾಗಿ ಉಳಿಸಿಕೊಂಡು, ಅಂಥ ಹಲಗೆಗಳನ್ನು 5 ಮಿ.ಮೀ. ಅಂತರದಲ್ಲಿ ನಿಲ್ಲಿಸಿದೆವು. ಎರಡು ಹಾರ್ನ್ ಆಂಟೆನಾಗಳ ನಡುವೆ ಇದನ್ನು ಇಟ್ಟಾಗ 9 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಡಿಟೆಕ್ಟರ್‌ನ ಓದು ಥಟ್ಟನೆ ಇಳಿಯುತ್ತದೆ. ಇದರ ಆಧಾರದ ಮೇಲೆ ನಾವು ಫಲಕದಲ್ಲಿ 'ಋಣ ವಕ್ರೀಭವನ ಸೂಚ್ಯಂಕದ ವಸ್ತು', ಅಂದರೆ ತರಂಗವನ್ನು ಮಾಮೂಲಿಗೆ ವಿರುದ್ಧವಾದ ಕಡೆಗೆ ಬಾಗಿಸುವ ವಸ್ತು, ಎಂದು ಬರೆದಿದ್ದೆವು. ನೋಡಲು ಬಂದವರಲ್ಲಿ ಕೆಲವರು ಆ ಶೀರ್ಷಿಕೆಯನ್ನು ಒಪ್ಪಲಿಲ್ಲ. ಯಾವ ಕಾರಣಕ್ಕೆ ಒಪ್ಪಬಾರದು ಎಂಬುದನ್ನು ವಿವರವಾಗಿ ತಿಳಿಯಬೇಕೆಂದು ಇಲ್ಲಿ ಬರೆಯುತ್ತಿದ್ದೇನೆ.

ನಿವೃತ್ತ ಭೌತಶಾಸ್ತ್ರ ಮೇಷ್ಟ್ರು, ಚಿಕ್ಕಮಗಳೂರು:
ಒಪ್ಪದವರಲ್ಲಿ ನಾನೂ ಒಬ್ಬ, ತಾಯೀ. ಕೆಲಸ ಅಚ್ಚುಕಟ್ಟಾಗಿತ್ತು; ಹಲಗೆಗಳ ಅಂಚನ್ನು ಸಹ ಉಜ್ಜಿ ಸಮ ಮಾಡಿದ್ದಿರಿ. ಆದರೆ ಆ ಫಲಕದ ಮಾತನ್ನು ನಿಮ್ಮ ಅಳತೆ ಹೊರುವುದಿಲ್ಲ. ವಕ್ರೀಭವನ ಸೂಚ್ಯಂಕ ಋಣವಾಗಬೇಕಾದರೆ ವಸ್ತುವಿನ ಪರ್ಮಿಟಿವಿಟಿ (ವಿದ್ಯುತ್ ಕ್ಷೇತ್ರಕ್ಕೆ ಸ್ಪಂದಿಸುವ ಅಳತೆ) ಮತ್ತು ಪರ್ಮಿಯಬಿಲಿಟಿ (ಕಾಂತಕ್ಷೇತ್ರಕ್ಕೆ ಸ್ಪಂದಿಸುವ ಅಳತೆ) ಎರಡೂ ಒಂದೇ ಆವೃತ್ತಿಯಲ್ಲಿ ಋಣವಾಗಿದ್ದರೆ ದಾರಿ ಸುಗಮ. ಸೋವಿಯತ್ ಭೌತವಿಜ್ಞಾನಿ ವೆಸೆಲಾಗೊ 1967ರಲ್ಲಿ ಕಾಗದದ ಮೇಲೆ ತೋರಿಸಿದ್ದು ಇದನ್ನೇ. ಎರಡರಲ್ಲಿ ಒಂದು ಮಾತ್ರ ಋಣವಾದರೆ ತರಂಗ ವಸ್ತುವಿನೊಳಗೆ ಸಾಗುವುದೇ ಇಲ್ಲ, ಒಳಹೊಕ್ಕಷ್ಟೂ ಕ್ಷೀಣಿಸುತ್ತದೆ. ಉಂಗುರಗಳು ಕೊಡುವುದು ಋಣ ಪರ್ಮಿಯಬಿಲಿಟಿ ಮಾತ್ರ. 1999ರಲ್ಲಿ ಬ್ರಿಟನ್ನಿನ ಭೌತವಿಜ್ಞಾನಿ ಪೆಂಡ್ರಿ ಮತ್ತು ಸಂಗಡಿಗರು ಅವುಗಳನ್ನು ಪ್ರಸ್ತಾಪಿಸಿದ್ದೂ ಅದಕ್ಕಾಗಿಯೇ. ನಿಮ್ಮ ಡಿಟೆಕ್ಟರ್ ಇಳಿದದ್ದು ಹೆಚ್ಚೆಂದರೆ ಆ ತಡೆಯ ಗುರುತು. ತರಂಗ ದಾಟಲೇ ಇಲ್ಲವೆಂದ ಮೇಲೆ ಅದು ಯಾವ ಕಡೆಗೆ ಬಾಗಿತು ಎಂದು ಹೇಳುವುದು ಹೇಗೆ?

ವಿದ್ಯಾರ್ಥಿನಿ:
ಸರ್, ಪ್ರದರ್ಶನದ ಬಳಿಕ ಹಲಗೆಗಳ ಹಿಂಬದಿಗೆ ತಾಮ್ರದ ತಂತಿಗಳನ್ನೂ ಸೇರಿಸಿ ನೋಡಿದೆವು. ಋಣ ಪರ್ಮಿಟಿವಿಟಿಯನ್ನು ಆ ತಂತಿಗಳು ಕೊಡುತ್ತವೆ. ಮೊದಲು ತಡೆಯಿದ್ದ ಆವೃತ್ತಿಯಲ್ಲೇ ಈಗ ಸಂಕೇತ ದಾಟುತ್ತಿದೆ. ಒಂದೊಂದೇ ಇದ್ದಾಗ ತಡೆದು, ಎರಡೂ ಸೇರಿದಾಗ ದಾಟಿಸಿದರೆ ಎರಡೂ ಋಣವೆಂದೇ ಅರ್ಥವಲ್ಲವೇ? 2000ದಲ್ಲಿ ಸ್ಮಿತ್ ಮತ್ತು ಸಂಗಡಿಗರು ಸ್ಯಾನ್ ಡಿಯಾಗೊದಲ್ಲಿ ಪ್ರಕಟಿಸಿದ ಮೊದಲ ಪ್ರಯೋಗದ ತರ್ಕವೂ ಇದೇ ಆಗಿತ್ತು.

ಮೈಕ್ರೋವೇವ್ ಲ್ಯಾಬ್ ಬೋಧಕ, ಹಾಸನ:
ತರ್ಕ ಅದೇ, ಆದರೆ ಅದರಲ್ಲೊಂದು ಸಂದು ಇದೆ, ಅದನ್ನು ಮುಚ್ಚದೆ ಮುಂದೆ ಹೋಗಬಾರದು. ಉಂಗುರ ಕಾಂತಕ್ಷೇತ್ರಕ್ಕೆ ಮಾತ್ರವಲ್ಲ, ವಿದ್ಯುತ್ ಕ್ಷೇತ್ರಕ್ಕೂ ಸ್ಪಂದಿಸುತ್ತದೆ. ಹಾಗಾಗಿ ತಂತಿ ಒಂದೇ ಇದ್ದಾಗ ಪರ್ಮಿಟಿವಿಟಿ ಯಾವ ಆವೃತ್ತಿಯವರೆಗೆ ಋಣವಾಗಿತ್ತೋ ಆ ಗಡಿ, ಉಂಗುರ ಜೊತೆಗೂಡಿದ ಕೂಡಲೇ ಕೆಳಕ್ಕೆ ಸರಿಯುತ್ತದೆ. ಅದು ನಿಮ್ಮ ಆವೃತ್ತಿ ಪಟ್ಟಿಗಿಂತಲೂ ಕೆಳಗೆ ಸರಿದಿದ್ದರೆ, ನೀವು ನೋಡಿದ ದಾಟುವಿಕೆ ಎರಡೂ ಧನವಾಗಿರುವ ಸಾಮಾನ್ಯ ದಾಟುವಿಕೆಯೇ ಆಗಿರಬಹುದು. ಇದನ್ನು ಪರೀಕ್ಷಿಸಲು ಇನ್ನೊಂದು ಸೆಟ್ ಹಲಗೆಗಳನ್ನು ಮಾಡಿ. ಅವುಗಳಲ್ಲಿ ಉಂಗುರದ ಸೀಳನ್ನು ತಾಮ್ರದಿಂದಲೇ ಮುಚ್ಚಿರಲಿ. ಸೀಳು ಮುಚ್ಚಿದರೆ ಕಾಂತೀಯ ಅನುರಣನ (ರೆಸೊನೆನ್ಸ್) ಸಾಯುತ್ತದೆ, ವಿದ್ಯುತ್ ಸ್ಪಂದನ ಬಹುಪಾಲು ಹಾಗೆಯೇ ಉಳಿಯುತ್ತದೆ. ಮುಚ್ಚಿದ ಉಂಗುರ ಮತ್ತು ತಂತಿ ಸೇರಿದಾಗಲೂ ಅದೇ ಆವೃತ್ತಿಯಲ್ಲಿ ಸಂಕೇತ ದಾಟಿದರೆ ನಿಮ್ಮ ವಾದ ಬಿದ್ದಂತೆ. ದಾಟದಿದ್ದರೆ ಅದಕ್ಕೆ ಬಲ ಬಂದಂತೆ.

ಇನ್ನೊಂದು ವಿಷಯ. ತಂತಿಗಳ ಎರಡೂ ತುದಿ ಎಲ್ಲಿ ಮುಗಿಯುತ್ತವೆ ಎಂಬುದನ್ನು ನೀವು ಬರೆದಿಲ್ಲ. ಅವು ಗಾಳಿಯಲ್ಲಿ ತುಂಡಾಗಿ ನಿಂತಿದ್ದರೆ ಉದ್ದ ತಂತಿಯ ಗುಣವನ್ನು ಕೊಡುವುದಿಲ್ಲ. ಮೇಲೆ ಕೆಳಗೆ ಅಲ್ಯೂಮಿನಿಯಂ ತಗಡು ಇಟ್ಟು ತುದಿಗಳನ್ನು ಅದಕ್ಕೆ ಬೆಸುಗೆ ಹಾಕಬೇಕು, ಇಲ್ಲವೇ ಬಿಗಿಯಾಗಿ ಒತ್ತಿ ನಿಲ್ಲಿಸಬೇಕು. ಅಲ್ಯೂಮಿನಿಯಂಗೆ ಬೆಸುಗೆ ಹಿಡಿಯುವುದು ಕಷ್ಟವಾದ್ದರಿಂದ ಒಳಮೈಗೆ ತಾಮ್ರದ ಹಾಳೆ ಅಂಟಿಸಿಕೊಳ್ಳುವುದು ಮೇಲು.

ಕಾಫಿ ಬೆಳೆಗಾರ, ಮೂಡಿಗೆರೆ:
ಓದಿದ್ದು ವಿಜ್ಞಾನ, ಮಾಡುತ್ತಿರುವುದು ತೋಟ. ಈ ವಿಷಯದ ಆಸೆ ಮಾತ್ರ ಬಿಟ್ಟಿಲ್ಲ. ವಸ್ತುವನ್ನೇ ಕಾಣದಂತೆ ಮಾಡುವ ಹೊದಿಕೆ ಸಿದ್ಧವಾಗಿದೆ ಎಂದು ಆಗಾಗ ಓದುತ್ತೇವೆ. ಅದು ನಿಜವಾಗಿದ್ದರೆ ಋಣ ವಕ್ರೀಭವನದ ಬಗ್ಗೆ ಇನ್ನೂ ಇಷ್ಟು ಅನುಮಾನ ಏಕೆ? ಜೊತೆಗೆ, ಇಂಥ ಪ್ರಯೋಗಗಳು ಲಕ್ಷಗಟ್ಟಲೆ ಬೆಲೆಯ ಉಪಕರಣಗಳಿಲ್ಲದ ನಮ್ಮ ಜಿಲ್ಲೆಗಳ ಕಾಲೇಜುಗಳಲ್ಲಿ ಸಾಧ್ಯವೇ?

ಮೇಷ್ಟ್ರು, ಚಿಕ್ಕಮಗಳೂರು:
ಹೊದಿಕೆಯ ಮಾತು ಬೇರೆ. 2006ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ತಾಮ್ರದ ಒಂದು ಸಿಲಿಂಡರನ್ನು 8.5 ಗಿಗಾಹರ್ಟ್ಸ್ ಮೈಕ್ರೋವೇವ್‌ನಿಂದ ಮರೆಮಾಡಿದ್ದು ನಿಜ. ಆದರೆ ಅದು ಎರಡು ತಗಡುಗಳ ನಡುವೆ, ಕಿರಿದಾದೊಂದು ಆವೃತ್ತಿ ಪಟ್ಟಿಯಲ್ಲಿ ನಡೆದ ಪ್ರಯೋಗ. ಚದುರುವಿಕೆ ಮತ್ತು ನೆರಳು ಕಡಿಮೆಯಾದವೇ ಹೊರತು ಇಲ್ಲವಾಗಲಿಲ್ಲ. ಕಣ್ಣಿಗೆ ಅದು ಯಾವಾಗಲೂ ಕಾಣುತ್ತಲೇ ಇತ್ತು.

ಋಣ ವಕ್ರೀಭವನ ಇಂದು ಅನುಮಾನದ ವಿಷಯವಲ್ಲ. 2001ರಲ್ಲಿ ಶೆಲ್ಬಿ, ಸ್ಮಿತ್, ಶುಲ್ಟ್ಸ್ ಅವರು 10.5 ಗಿಗಾಹರ್ಟ್ಸ್‌ನಲ್ಲಿ ಪಟ್ಟಕದ (ಪ್ರಿಸಂ) ಪ್ರಯೋಗ ಮಾಡಿದರು. ಅದೇ ಆಕಾರದ ಟೆಫ್ಲಾನ್ ಪಟ್ಟಕದಿಂದ ಕಿರಣ ಲಂಬದ ಒಂದು ಕಡೆಗೆ 27 ಡಿಗ್ರಿ ಬಾಗಿದರೆ, ಉಂಗುರ ಮತ್ತು ತಂತಿಗಳ ಪಟ್ಟಕದಿಂದ ಲಂಬದ ಇನ್ನೊಂದು ಕಡೆಗೆ 61 ಡಿಗ್ರಿ ಬಾಗಿತು. ಲೆಕ್ಕ ಹಾಕಿದರೆ ಸೂಚ್ಯಂಕ ಸುಮಾರು -2.7. ಆ ಟೆಫ್ಲಾನ್ ತುಂಡು ಇರದಿದ್ದರೆ ಪ್ರಯೋಗಕ್ಕೆ ಅರ್ಧ ಬೆಲೆಯೂ ಇರುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಅಷ್ಟಾದರೂ 2002ರಲ್ಲಿ ಆಕ್ಷೇಪ ಬಂತು: ವಸ್ತುವಿನಲ್ಲಿ ನಷ್ಟ ಹೆಚ್ಚಿದ್ದರೆ ಪಟ್ಟಕದ ದಪ್ಪ ತುದಿಯಲ್ಲಿ ತರಂಗ ಅಡಗಿಹೋಗಿ, ತೆಳು ತುದಿಯಿಂದ ಹೊರಬಂದದ್ದನ್ನೇ ಬಾಗಿದ ಕಿರಣವೆಂದು ಭ್ರಮಿಸಬಹುದು ಎಂದು. 2003ರಲ್ಲಿ ಎಂಐಟಿ ಮತ್ತು ಬೋಯಿಂಗ್‌ನ ತಂಡಗಳು ಬೇರೆ ಬೇರೆಯಾಗಿ ಅಳೆದ ಮೇಲೆ ಆ ಆಕ್ಷೇಪ ನಿಲ್ಲಲಿಲ್ಲ.

ಉಪಕರಣದ ಬಗ್ಗೆ: ಜಗದೀಶ್ ಚಂದ್ರ ಬೋಸ್ ಅವರು 1898ರಲ್ಲಿ ಹುರಿಗೊಳಿಸಿದ ಸೆಣಬಿನ ನಾರಿನಿಂದ ವಿದ್ಯುತ್ ತರಂಗದ ಧ್ರುವೀಕರಣದ ತಲವನ್ನು (ಕ್ಷೇತ್ರ ಕಂಪಿಸುವ ದಿಕ್ಕನ್ನು) ತಿರುಗಿಸಿ ತೋರಿಸಿದ್ದರು. ವಸ್ತುವಿನ ರಚನೆಯಿಂದಲೇ ತರಂಗವನ್ನು ಪಳಗಿಸುವ ಕೆಲಸ ನಮ್ಮ ನೆಲಕ್ಕೆ ಹೊಸದಲ್ಲ.

ಲ್ಯಾಬ್ ಬೋಧಕ, ಹಾಸನ:
ಮೇಷ್ಟ್ರೇ, ಅದೇ ಆಕ್ಷೇಪ ಈ ಮಕ್ಕಳ ಹಲಗೆಗೆ ಇನ್ನೂ ಗಟ್ಟಿಯಾಗಿ ಅನ್ವಯಿಸುತ್ತದೆ. ಎಫ್‌ಆರ್-4ರ ನಷ್ಟಾಂಕ (ತರಂಗದ ಶಕ್ತಿಯನ್ನು ಹಲಗೆ ಎಷ್ಟು ನುಂಗುತ್ತದೆ ಎಂಬ ಅಳತೆ) 0.02ರ ಆಸುಪಾಸು, ಟೆಫ್ಲಾನ್ ಆಧಾರಿತ ಹಲಗೆಗಳಲ್ಲಿ ಅದು 0.001ರ ಹತ್ತಿರ. ಹಾಗಾಗಿ ಪಟ್ಟಕಕ್ಕಿಂತ ಮೊದಲು ವೇವ್‌ಗೈಡ್ (ಮೈಕ್ರೋವೇವ್ ಸಾಗಿಸುವ ಲೋಹದ ಕೊಳವೆ) ಪ್ರಯೋಗ ಮಾಡಲಿ ಎನ್ನುತ್ತೇನೆ. 6 ಮಿ.ಮೀ. ಅಗಲದ ಚೌಕ ಕೊಳವೆ 25 ಗಿಗಾಹರ್ಟ್ಸ್‌ಗಿಂತ ಕೆಳಗಿನದನ್ನು ಸಾಗಿಸುವುದಿಲ್ಲ. ಅದರ ನಡುವೆ ಉಂಗುರಗಳ ಪಟ್ಟಿ ಇಟ್ಟರೆ ಅನುರಣನದ ಬಳಿ ಸಂಕೇತ ದಾಟುತ್ತದೆ. ಮಾರ್ಕೆಸ್ ಮತ್ತು ಸಂಗಡಿಗರು 2002ರಲ್ಲಿ ತೋರಿಸಿದ ವಿಧಾನವಿದು. ತಂತಿಯ ಗೊಡವೆಯೇ ಇಲ್ಲ.

ಮೇಷ್ಟ್ರು, ಚಿಕ್ಕಮಗಳೂರು:
ಆ ಪ್ರಯೋಗ ಸೊಗಸಾದದ್ದು, ಆದರೆ ಅಲ್ಲಿ ಋಣ ಪರ್ಮಿಟಿವಿಟಿಯ ಪಾತ್ರ ವಹಿಸುವುದು ಕೊಳವೆ, ವಸ್ತುವಲ್ಲ. ಅಕ್ಕಪಕ್ಕದ ಉಂಗುರಗಳು ಒಂದಕ್ಕೊಂದು ಕಾಂತೀಯವಾಗಿ ಕೈಕೊಟ್ಟು ಸಂಕೇತವನ್ನು ದಾಟಿಸಿದವು ಎಂದೂ ಅದನ್ನು ವಿವರಿಸಬಹುದು. ಫಲಕದ ಮೇಲೆ 'ವಕ್ರೀಭವನ' ಎಂದು ಬರೆಯುವವರು ಬಾಗುವುದನ್ನು ತೋರಿಸಲೇಬೇಕು. ಅಲ್ಲದೆ ಪಟ್ಟಕಕ್ಕೆ ಬೇಕಾದದ್ದು ಕೋನದೊಂದಿಗೆ ಶಕ್ತಿಯ ಓದು ಮಾತ್ರ. ತರಂಗದ ಹಂತ (ಫೇಸ್) ಅಳೆಯುವ ದುಬಾರಿ ಅನಲೈಸರ್ ಬೇಡ. ಲ್ಯಾಬಿನ ಹಳೆಯ ಮೈಕ್ರೋವೇವ್ ಬೆಂಚ್‌ನ ಕ್ಲೈಸ್ಟ್ರಾನ್ (ಮೈಕ್ರೋವೇವ್ ಹುಟ್ಟಿಸುವ ನಿರ್ವಾತ ನಳಿಕೆ), ಹಾರ್ನ್, ಡಿಟೆಕ್ಟರ್ ಮತ್ತು ಡಿಗ್ರಿ ಗುರುತಿರುವ ಒಂದು ತಿರುಗು ತೋಳು ಸಾಕು. ಬೆಳೆಗಾರರ ಪ್ರಶ್ನೆಗೂ ಇದೇ ಉತ್ತರ.

ಲ್ಯಾಬ್ ಬೋಧಕ, ಹಾಸನ:
ತೋಳಿನ ಮಾತನ್ನು ಒಪ್ಪುತ್ತೇನೆ. ಆದರೆ ಆ ಬೆಂಚ್‌ನ 2ಕೆ25 ಮಾದರಿಯ ಕ್ಲೈಸ್ಟ್ರಾನ್‌ನ ವ್ಯಾಪ್ತಿ 8.5ರಿಂದ 9.66 ಗಿಗಾಹರ್ಟ್ಸ್ ಅಷ್ಟೇ. ಎಫ್‌ಆರ್-4ರ ಪರ್ಮಿಟಿವಿಟಿ ಒಂದು ಸರಕಿನಿಂದ ಇನ್ನೊಂದಕ್ಕೆ ಬದಲಾಗುವುದರಿಂದ ಅನುರಣನ ಆ ಕಿರಿದಾದ ಕಿಂಡಿಯಿಂದ ಜಾರಿಹೋಗುವ ಅಪಾಯವಿದೆ. ಪಟ್ಟಕಕ್ಕೆ ಬೇಕಾದ ಎಲ್ಲ ಹಲಗೆಗಳನ್ನೂ ಒಂದೇ ಹಾಳೆಯಿಂದ ಕತ್ತರಿಸಿ. ಮೇಲಿನ ಕೆಳಗಿನ ತಗಡುಗಳ ನಡುವಿನ ಅಂತರ 15 ಮಿ.ಮೀ. ಮೀರದಿರಲಿ, ಅರ್ಧ ತರಂಗಾಂತರ ದಾಟಿದರೆ ಬೇಡದ ಮೋಡ್‌ಗಳು (ತರಂಗ ಸಾಗುವ ಬೇರೆ ವಿನ್ಯಾಸಗಳು) ಸೇರಿಕೊಳ್ಳುತ್ತವೆ.

ವಿದ್ಯಾರ್ಥಿನಿ:
ಹಾಗಾದರೆ ಮೊದಲು ಸೀಳು ಮುಚ್ಚಿದ ಉಂಗುರಗಳ ಹಲಗೆ, ಆಮೇಲೆ ಪಟ್ಟಕ. ಪಟ್ಟಕವನ್ನು ಎರಡು ಬೇರೆ ಕೋನಗಳಲ್ಲಿ ಮಾಡುತ್ತೇವೆ. ತೆಳು ತುದಿಯ ಸೋರಿಕೆಯೇ ಕಾರಣವಾಗಿದ್ದರೆ ಎರಡೂ ಪಟ್ಟಕಗಳು ಒಂದೇ ಸೂಚ್ಯಂಕ ಕೊಡುವ ಸಂಭವ ಕಡಿಮೆ. ಪಕ್ಕಗಳಿಗೆ ಮೈಕ್ರೋವೇವ್ ಹೀರುವ ಫೋಮ್ ಬೇಕು, ಟೆಫ್ಲಾನ್ ತುಂಡೂ ಬೇಕು. ಹಾಸನದಲ್ಲಿ ಅಥವಾ ಚಿಕ್ಕಮಗಳೂರಿನಲ್ಲಿ ಯಾರ ಲ್ಯಾಬಿನಲ್ಲಾದರೂ ಆ ಫೋಮ್ ಇದ್ದರೆ ಇಲ್ಲಿ ತಿಳಿಸಿ, ಬಂದು ಒಯ್ದು ಹಿಂದಿರುಗಿಸುತ್ತೇವೆ.

ಮೇಷ್ಟ್ರು, ಚಿಕ್ಕಮಗಳೂರು:
ಟೆಫ್ಲಾನ್ ನನ್ನಲ್ಲಿದೆ. ನಿಮ್ಮ ಪಟ್ಟಕದ ಕೋನ ಗೊತ್ತಾದರೆ ಲೇತ್ ಅಂಗಡಿಯಲ್ಲಿ ಅದೇ ಕೋನಕ್ಕೆ ಕತ್ತರಿಸಿಕೊಡುತ್ತೇನೆ. ಮೊದಲ ಓದನ್ನು ಅದರಿಂದಲೇ ತೆಗೆದುಕೊಳ್ಳಿ, ಅದರ ಸೂಚ್ಯಂಕ 1.4ರ ಹತ್ತಿರ ಬರುವವರೆಗೆ ನಿಮ್ಮ ಪಟ್ಟಕವನ್ನು ತೋಳಿನ ಮುಂದೆ ಇಡಬೇಡಿ.