ಹೆಸರು ಮುಚ್ಚಿಟ್ಟು ಪೋಸ್ಟ್ ಹಾಕಲು ಬಿಡಬೇಕಾ?

ತಿಪಟೂರು_ಅಕ್ಕ:
ನನ್ನ ತಂಗಿ ಡಿಗ್ರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಅಂತರ್ಜಾತಿ ಮದುವೆ ಬಗ್ಗೆ ಫೇಸ್‌ಬುಕ್‌ನಲ್ಲಿ ನಾಲ್ಕು ಸಾಲು ಬರೆದಿದ್ದಳು, ಅಷ್ಟೇ. ಆವತ್ತಿಂದ ಒಂದು ಫೇಕ್ ಅಕೌಂಟ್ ಅವಳ ಬೆನ್ನು ಬಿದ್ದಿದೆ. ಡಿಪಿಯಲ್ಲಿ ಗುಲಾಬಿ ಹೂವು, ಪ್ರೊಫೈಲ್ ಲಾಕ್, ಯಾರು ಏನು ಒಂದೂ ಗೊತ್ತಾಗಲ್ಲ. ಬೆಳಿಗ್ಗೆ ಅವಳು ಉಟ್ಟ ಸೀರೆ ಬಣ್ಣ ಸಂಜೆ ಕಾಮೆಂಟಿನಲ್ಲಿ ಇರುತ್ತದೆ, ಜೊತೆಗೆ ಇಲ್ಲಿ ಬರೆಯಲಾಗದ ಮಾತು. ಅಂದರೆ ಅವನು ಅವಳನ್ನು ದಿನಾ ನೋಡುವವನೇ. ಸಿಮ್ ತಗೊಳ್ಳಲು ಗುರುತಿನ ಚೀಟಿ ಬೇಕು, ಲಾಡ್ಜಲ್ಲಿ ಒಂದು ರಾತ್ರಿ ಮಲಗಲೂ ಬೇಕು. ಹೆಣ್ಣುಮಗಳನ್ನು ಬಾಯಿಗೆ ಬಂದಂತೆ ಬೈಯಲು ಮಾತ್ರ ಏನೂ ಬೇಡ್ವಾ? ಹೆಸರಿಲ್ಲದೆ ಬರೆಯುವುದನ್ನೇ ನಿಲ್ಲಿಸಬೇಕು ಅಂತ ನನಗನ್ನಿಸುತ್ತದೆ. ನೀವೇನಂತೀರಿ?

ಮಲ್ನಾಡ್_ಮಳೆ:
ನಿಮ್ಮ ಸಿಟ್ಟು ನ್ಯಾಯವಾದದ್ದೇ ಅಕ್ಕ. ಆದರೆ ಇದನ್ನು ದಕ್ಷಿಣ ಕೊರಿಯಾ ಮಾಡಿ ನೋಡಿದೆ. ದೊಡ್ಡ ವೆಬ್‌ಸೈಟುಗಳಲ್ಲಿ ಬರೆಯಬೇಕಾದರೆ ಮೊದಲು ಗುರುತು ಖಾತ್ರಿ ಮಾಡಿಸಬೇಕು ಅಂತ 2007ರಲ್ಲಿ ಕಾನೂನು ತಂದರು. 2011ರಲ್ಲಿ ಅಲ್ಲಿನ ನೇಟ್, ಸೈವರ್ಲ್ಡ್ ತಾಣಗಳು ಹ್ಯಾಕ್ ಆಗಿ ಸುಮಾರು ಮೂರೂವರೆ ಕೋಟಿ ಜನರ ವಿವರ ಕಳ್ಳರ ಪಾಲಾಯಿತು. ಮರುವರ್ಷ ಅಲ್ಲಿನ ಸಂವಿಧಾನ ನ್ಯಾಯಾಲಯ ಕಾನೂನನ್ನೇ ರದ್ದು ಮಾಡಿತು. ಇದರಿಂದ ಕೆಟ್ಟ ಬರಹ ಕಡಿಮೆಯಾಯಿತು ಅಂತ ಹೇಳಲು ಬರುವುದಿಲ್ಲ, ಜನ ಹೊರದೇಶದ ತಾಣಗಳಿಗೆ ಹೋದರು ಅಷ್ಟೇ ಅಂತ ಕೋರ್ಟೇ ಹೇಳಿತು. ಅಲ್ಲದೆ ನಮ್ಮಲ್ಲಿ ಸ್ವಂತ ಹೆಸರು, ಮಗುವಿನ ಫೋಟೋ ಎಲ್ಲಾ ಹಾಕಿಕೊಂಡೇ ಅಸಹ್ಯವಾಗಿ ಬೈಯುವವರು ಕಮ್ಮಿ ಇದ್ದಾರಾ?

ನೈಟ್_ಡ್ಯೂಟಿ:
ನಾನು ನರ್ಸ್, ಕಾಂಟ್ರಾಕ್ಟ್ ಕೆಲಸ. ನಮ್ಮ ವಾರ್ಡಿನಲ್ಲಿ ರಾತ್ರಿ ಒಬ್ಬಳೇ ಇರುತ್ತೇನೆ. ಒಂದು ಕಡೆ ಡ್ರಿಪ್ ಮುಗಿದಿರುತ್ತದೆ, ಇನ್ನೊಂದು ಕಡೆ ಯಾರಿಗೋ ಉಸಿರು ಕಟ್ಟುತ್ತಿರುತ್ತದೆ, ಯಾವುದಕ್ಕೆ ಓಡಲಿ? ಇದನ್ನು ನನ್ನ ಹೆಸರಲ್ಲಿ ಬರೆದರೆ ಮುಂದಿನ ಸಲ ಕಾಂಟ್ರಾಕ್ಟ್ ರಿನ್ಯೂವಲ್ ಆಗಲ್ಲ. ಮೊದಲೆಲ್ಲ ಜನ ಮೂಗರ್ಜಿ ಹಾಕುತ್ತಿದ್ದುದು ಯಾಕೆ? ಸುಮ್ನೆ ಅಲ್ಲ. ಹೆದ್ದಾರಿ ಕಾಮಗಾರಿಯ ಅಕ್ರಮದ ಬಗ್ಗೆ ಎಂಜಿನಿಯರ್ ಸತ್ಯೇಂದ್ರ ದುಬೆ 2002ರಲ್ಲಿ ಪ್ರಧಾನಿಗೆ ಪತ್ರ ಬರೆದರು. ಹೆಸರು ಗುಟ್ಟಾಗಿಡಿ ಅಂತ ಕೇಳಿಕೊಂಡಿದ್ದರು. ಪತ್ರ ಹೆಸರಿನ ಸಮೇತ ಕಚೇರಿಯಿಂದ ಕಚೇರಿಗೆ ಹೋಯಿತು. 2003ರಲ್ಲಿ ಗಯಾದಲ್ಲಿ ಅವರ ಕೊಲೆಯಾಯಿತು. ದರೋಡೆಕೋರರ ಕೆಲಸ ಅಂತ ಸಿಬಿಐ ಹೇಳಿತು. ಇರಬಹುದು. ಆದರೆ ಗುಟ್ಟಾಗಿಡಿ ಅಂದ ಹೆಸರನ್ನು ಹಾಗೆ ಬಯಲು ಮಾಡಿದ್ದು ತಪ್ಪಲ್ವಾ? ಅಕ್ಕ, ನಿಮ್ಮ ತಂಗಿಗೆ ಆಗುತ್ತಿರುವುದು ಓದಿ ಹೊಟ್ಟೆ ಉರಿಯಿತು. ಅವನು ಸಿಕ್ಕಿಬೀಳಲಿ. ನನ್ನ ಬಾಯಿ ಮಾತ್ರ ಕಟ್ಟಬೇಡಿ.

ತಿಪಟೂರು_ಅಕ್ಕ:
ನಿಮ್ಮಂಥವರ ವಿಷಯ ನನಗೆ ಹೊಳೆದಿರಲಿಲ್ಲ, ನಿಜ. ಓದುವವರಿಗೆ ಹೆಸರು ಕಾಣದಿರಲಿ, ಒಪ್ಪಿದೆ. ಕಂಪನಿಯ ಹತ್ತಿರವಾದರೂ ಗೊತ್ತಿರಬೇಕಲ್ವಾ?

ಕರಿಕೋಟು:
ವಕೀಲಿ ಮಾಡುತ್ತೇನೆ, ಗೊತ್ತಿರುವುದನ್ನು ಹೇಳುತ್ತೇನೆ. ಕಂಪನಿಗೆ ಹೆಸರು ಗೊತ್ತಿಲ್ಲದಿದ್ದರೂ ಲಾಗಿನ್ ಆದ ಐಪಿ ವಿಳಾಸ (ಇಂಟರ್ನೆಟ್ ಸಂಪರ್ಕದ ಗುರುತು ಸಂಖ್ಯೆ), ಕೊಟ್ಟ ಫೋನ್ ನಂಬರ್ ಅಥವಾ ಇಮೇಲ್ ಇರುತ್ತದೆ. ಪೊಲೀಸರು ಕೇಳಿದರೆ ಅದರ ಜಾಡು ಹಿಡಿದು ಹೋಗಬಹುದು. ಎಷ್ಟೋ ಕೇಸು ಕೆಡುವುದು ತಡ ಮಾಡುವುದರಿಂದ. ಅವನು ಅಕೌಂಟ್ ಅಳಿಸಿದರೂ ವಿವರವನ್ನು 180 ದಿನ ಉಳಿಸಿಕೊಳ್ಳಬೇಕು ಅಂತ 2021ರ ಐಟಿ ನಿಯಮದಲ್ಲಿದೆ, ಆಮೇಲೆ ಸಿಗುತ್ತದೆ ಅನ್ನುವ ಖಾತ್ರಿ ಇಲ್ಲ. ಹೆಣ್ಣುಮಕ್ಕಳ ಬೆನ್ನು ಬೀಳುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ನಿನಲ್ಲಿ ಅಪರಾಧ, ಆನ್‌ಲೈನಲ್ಲಿ ಕಾಡಿದರೂ ಸೇರುತ್ತದೆ. ಮೊದಲ ಸಲಕ್ಕೇ ಮೂರು ವರ್ಷದವರೆಗೆ ಜೈಲು. ಸೈಬರ್ ಅಪರಾಧ ನೋಡಿಕೊಳ್ಳುವ ತುಮಕೂರಿನ ಸೆನ್ (ಸಿಇಎನ್) ಪೊಲೀಸ್ ಠಾಣೆಗೆ ಹೋಗಿ. ಸುಮ್ನೆ ಗಾಬರಿಯಲ್ಲಿ ಬ್ಲಾಕ್ ಮಾಡಿ ಕಾಮೆಂಟ್ ಅಳಿಸಬೇಡಿ, ಸಾಕ್ಷಿ ಅದೇ.

ತಿಪಟೂರು_ಅಕ್ಕ:
ತಂಗಿ ಕೆಲವನ್ನು ಆಗಲೇ ಅಳಿಸಿದ್ದಾಳೆ. ಉಳಿದದ್ದರ ಸ್ಕ್ರೀನ್‌ಶಾಟ್ ಸಾಕಾ?

ಕರಿಕೋಟು:
ದಿನಾಂಕ, ಸಮಯ ಕಾಣುವಂತೆ ತೆಗೆಯಿರಿ. ಅದರ ಜೊತೆ ಪ್ರೊಫೈಲ್ ಲಿಂಕನ್ನೂ ಕಾಪಿ ಮಾಡಿ, ಅಲ್ಲಿ ಮೂರು ಚುಕ್ಕಿ ಒತ್ತಿದರೆ ಸಿಗುತ್ತದೆ. ಡಿಪಿ, ಹೆಸರು ಅವನು ನಾಳೆಯೇ ಬದಲಿಸಬಹುದು, ಅದಕ್ಕೆ ಲಿಂಕ್ ಬೇಕು. ದೂರು ಕೊಟ್ಟ ಮೇಲೆ ರಸೀದಿ ಕೇಳಿ ಪಡೆಯಿರಿ.