ಹಳೆಯ ಬೀಟಲ್‌ನ ಇಗ್ನಿಷನ್ ಭಾಗಗಳು: ಕೇಳಿ, ಮೆಕ್ಯಾನಿಕ್ ಹೇಳುತ್ತಾರೆ

ನಿರ್ವಾಹಕರು: ಗಾಳಿಯಿಂದ ತಣಿಯುವ ಫೋಕ್ಸ್‌ವ್ಯಾಗನ್ ಬೀಟಲ್ ಎಂಜಿನ್‌ಗಳನ್ನು ಬಲ್ಲ ನಮ್ಮ ಮೆಕ್ಯಾನಿಕ್ ಇಂದು ಸಂಜೆಯವರೆಗೆ ಉತ್ತರಿಸುತ್ತಾರೆ. ಗಾಡಿಯ ವರ್ಷ ಮತ್ತು ಪ್ಲಗ್‌ಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನ ನಂಬರ್ ಬರೆದು ಕೇಳಿ. ಫಾರ್ವರ್ಡ್ ಹಾಕಬೇಡಿ.

ರಾಜಾಜಿನಗರ 67: ನಮಸ್ಕಾರ ಸರ್. ಪಾಯಿಂಟ್ ಸೆಟ್, ಕಂಡೆನ್ಸರ್ ಎಲ್ಲಿ ಸಿಗುತ್ತವೆ? ಜೆ.ಸಿ. ರಸ್ತೆಯಲ್ಲಿ ಕೇಳಿದರೆ ಅಂಬಾಸಿಡರ್‌ನದನ್ನು ಮುಂದಿಡುತ್ತಾರೆ.

ಮೆಕ್ಯಾನಿಕ್: ನಮಸ್ಕಾರ. ಕಾರಿನ ಹೆಸರು ಹೇಳಿ ಕೇಳಿದರೆ ಹಾಗೆಯೇ ಆಗುವುದು. ಡಿಸ್ಟ್ರಿಬ್ಯೂಟರ್‌ನ ಮೈಮೇಲೆ ಒತ್ತಿರುವ ಬಾಷ್ ನಂಬರನ್ನು ಒರೆಸಿ ಓದಿ. ಇಷ್ಟು ವರ್ಷಗಳಲ್ಲಿ ನಾಲ್ಕು ಕೈ ಬದಲಾದ ಗಾಡಿಯಲ್ಲಿ ಕಂಪನಿಯ ಡಿಸ್ಟ್ರಿಬ್ಯೂಟರೇ ಉಳಿದಿರಬೇಕೆಂದಿಲ್ಲ. ಪಾಯಿಂಟ್ ಸೆಟ್ ಎಂದರೆ, ಕಿಡಿಗೆ ಹೆಚ್ಚು ವೋಲ್ಟೇಜ್ ಕೊಡುವ ಕಾಯಿಲ್‌ನ ಕರೆಂಟನ್ನು ಕೂಡಿಸಿ ಕಡಿಯುವ ಸ್ವಿಚ್; ಅದು ಆ ನಂಬರಿಗೆ ತಕ್ಕದ್ದೇ ಆಗಬೇಕು. ಅದನ್ನು ಹೊರದೇಶದಿಂದ ತರಿಸಿಕೊಳ್ಳುವುದೇ ಲೇಸು. ಪಾಯಿಂಟ್ ಸುಡದಂತೆ ಕಾಪಾಡುವ ಕಂಡೆನ್ಸರ್ ವಿಷಯದಲ್ಲಿ ಅಷ್ಟು ಮಡಿ ಬೇಡ. 0.2 ಮೈಕ್ರೋಫ್ಯಾರಡ್ ಆಸುಪಾಸಿನ ಒಳ್ಳೆಯದೊಂದನ್ನು, ಅಂಬಾಸಿಡರ್‌ನದೇ ಆದರೂ ಸರಿ, ಕಾಯಿಲ್‌ನಿಂದ ಪಾಯಿಂಟ್‌ಗೆ ಹೋಗುವ ತುದಿಗೆ ಹೊರಗಿನಿಂದ ಜೋಡಿಸಿ, ಅದರ ಡಬ್ಬಿಗೆ ಅರ್ಥ್ ಕೊಟ್ಟರೆ ಕೆಲಸ ಮಾಡುತ್ತದೆ. ಪಾಯಿಂಟ್ ಅಂತರ 0.4 ಮಿ.ಮೀ. ಅದನ್ನು ಮುಟ್ಟಿದ ಮೇಲೆ ಕಿಡಿ ಹಾರುವ ಟೈಮಿಂಗ್ ಮತ್ತೆ ನೋಡಲೇಬೇಕು.

ಹಲಸೂರು ಸವಾರ: ಸರ್, ಪಾಯಿಂಟ್ ಎಲ್ಲಿ ಸಿಗುತ್ತದೆ?

ಮೆಕ್ಯಾನಿಕ್: ಮೇಲೆ ಬರೆದಿದ್ದೇನೆ.

ವಿಜಯನಗರ ಗ್ಯಾರೇಜ್: ಪಾಯಿಂಟ್ ಕಪ್ಪಾದರೆ ಬೆಂಕಿಪೊಟ್ಟಣದ ಬದಿಯಿಂದ ಉಜ್ಜಿ, ಮೇಲೆ ತೆಳುವಾಗಿ ಕೊಬ್ಬರಿ ಎಣ್ಣೆ ಸವರಬೇಕಂತೆ. ಪ್ಲಗ್ ಅಂತರ 1.2 ಮಿ.ಮೀ. ಇಟ್ಟರೆ ಮೈಲೇಜ್ ಹೆಚ್ಚುತ್ತದಂತೆ. ಬೇರೊಂದು ಗುಂಪಿನಲ್ಲಿ ಬಂದಿತ್ತು, ಎಲ್ಲರಿಗೂ ಉಪಯೋಗವಾಗಲಿ ಎಂದು ಹಾಕಿದೆ.

ಮೆಕ್ಯಾನಿಕ್: ಯಾರಿಗೂ ಉಪಯೋಗವಿಲ್ಲ. ಕಿಡಿ ಹಾರುವ ಜಾಗಕ್ಕೆ ಎಣ್ಣೆ ಸವರಿದರೆ ಅದು ಸುಟ್ಟು ಕರಿಯಾಗಿ ಪಾಯಿಂಟ್ ಕೂಡುವುದೇ ನಿಲ್ಲುತ್ತದೆ. ಪಾಯಿಂಟ್ ಉಜ್ಜಲೆಂದೇ ಸಣ್ಣ ಅರ ಸಿಗುತ್ತದೆ. ಪ್ಲಗ್ ಅಂತರ 0.6ರಿಂದ 0.7 ಮಿ.ಮೀ. ಅದನ್ನು ಇಮ್ಮಡಿ ಮಾಡಿದರೆ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಪ್ಲಗ್‌ನಲ್ಲಿ ಹಾರಲಾಗದ ಕಿಡಿ ಡಿಸ್ಟ್ರಿಬ್ಯೂಟರ್‌ನ ಮುಚ್ಚಳವಾದ ಕ್ಯಾಪ್‌ನಲ್ಲೋ ಅದರೊಳಗೆ ತಿರುಗುವ ರೋಟರ್‌ನಲ್ಲೋ ದಾರಿ ಹುಡುಕುತ್ತದೆ. ದಯವಿಟ್ಟು ಅದನ್ನು ಅಳಿಸಿ.

ಮಲ್ಲೇಶ್ವರ ಮನೆಗಾಡಿ: ನಮ್ಮ ತಾತನ ಪೆಟ್ಟಿಗೆಯಲ್ಲಿ ಮೈಕೋ ಪ್ಲಗ್‌ಗಳು ಡಬ್ಬಿಸಮೇತ ಸಿಕ್ಕಿವೆ. ಬಳಸಬಹುದೇ?

ಮೆಕ್ಯಾನಿಕ್: ಆಡುಗೋಡಿಯ ಮೈಕೋ 2008ರಲ್ಲಿ ಬಾಷ್ ಲಿಮಿಟೆಡ್ ಆಯಿತು, ನಿಮ್ಮ ಡಬ್ಬಿ ಬಹುಶಃ ಅದಕ್ಕೂ ಹಳೆಯದು. ಪಿಂಗಾಣಿ ಬಿರುಕು ಬಿಡದಿದ್ದರೆ ಪ್ಲಗ್ ಹಳತಾಯಿತೆಂದು ಕೆಡುವುದಿಲ್ಲ. ನಂಬರ್ ಮಾತ್ರ ನೋಡಿ. ಬಾಷ್‌ನಲ್ಲಿ ಡಬ್ಲ್ಯೂ8ಎಸಿ, ಎನ್‌ಜಿಕೆಯಲ್ಲಿ ಬಿ5ಎಚ್‌ಎಸ್ ಅಥವಾ ಬಿ6ಎಚ್‌ಎಸ್. ಪ್ಲಗ್‌ನ ಮರೆಯನ್ನು, ಅಂದರೆ ತಿರುಪನ್ನು, ಕೈಯಿಂದಲೇ ಕೂರಿಸಿ, ಹೆಡ್ ಅಲ್ಯೂಮಿನಿಯಂನದು.

ಬಸವನಗುಡಿ 71: ಸರ್, ಡಿಸ್ಟ್ರಿಬ್ಯೂಟರ್ ಕ್ಯಾಪ್ ಮತ್ತು ರೋಟರ್ ಬೇಕು. ನಂಬರ್ 0 231 178 009. ಎಂಜಿನ್ ಮಿಸ್ಸಿಂಗ್ ಹೊಡೆಯುತ್ತಿದೆ. ಕ್ಯಾಪ್‌ನ ಪಕ್ಕದಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ ಇದೆ; ರಾತ್ರಿ ಬಾನೆಟ್ ತೆಗೆದರೆ ನೀಲಿ ಕಿಡಿ ಕಾಣುತ್ತದೆ. ಹಿಂದಿನ ಸೀಟಿನಲ್ಲಿ ಪೆಟ್ರೋಲ್ ವಾಸನೆಯೂ ಇದೆ, ಹಳೆಯ ಗಾಡಿ ಅಲ್ಲವೇ. ನಾಳೆ ಮೈಸೂರಿಗೆ ಹೋಗುವುದಿದೆ. ಅಲ್ಲಿಯವರೆಗೆ ಕ್ಯಾಪ್‌ಗೆ ಅಂಟು ಹಾಕಿ ಓಡಿಸಬಹುದೇ?

ಮೆಕ್ಯಾನಿಕ್: ಮೈಸೂರು ಬಿಡಿ, ಬೀದಿಯ ತುದಿಯವರೆಗೂ ಬೇಡ. ಬ್ಯಾಟರಿಯ ಅರ್ಥ್ ತಂತಿಯನ್ನು ಈಗಲೇ ಬಿಚ್ಚಿ, ಆಮೇಲೆ ಇದನ್ನು ಓದಿ.

ಆ ಕಪ್ಪು ಗೆರೆ ಕಿಡಿ ನಡೆದು ಮಾಡಿಕೊಂಡ ಕಾಲುದಾರಿ. ಅಂಟು ಹಾಕಿದರೂ ಅದು ಮುಚ್ಚುವುದಿಲ್ಲ. ಕ್ಯಾಪ್ ಒಂದೇ ಕೆಟ್ಟಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ. ನಿಮ್ಮಲ್ಲಿ ಹೊರಗೆ ಹಾರುವ ಕಿಡಿಯೂ ಇದೆ, ಪೆಟ್ರೋಲ್ ವಾಸನೆಯೂ ಇದೆ. ಬೀಟಲ್‌ಗೆ ಬೆಂಕಿ ಹತ್ತುವುದು ಬಹಳ ಸಲ ಹೀಗೆಯೇ. ಕಾರ್ಬುರೇಟರ್‌ಗೆ ಪೆಟ್ರೋಲ್ ಬರುವ ಪುಟ್ಟ ಹಿತ್ತಾಳೆ ಕೊಳವೆಗೆ ಮರೆ ಇಲ್ಲ, ಅದನ್ನು ಬರಿದೇ ಒತ್ತಿ ಕೂರಿಸಿರುತ್ತಾರೆ. ಬಿಸಿಯಾಗಿ, ತಣ್ಣಗಾಗಿ, ಅದುರಿ ಅದುರಿ ಸಡಿಲವಾಗುತ್ತದೆ. ಒಂದು ದಿನ ಪೈಪ್‌ಸಮೇತ ಕಳಚಿಕೊಂಡರೆ, ಎಂಜಿನ್ ತಿರುಗುತ್ತಿರುವಷ್ಟು ಹೊತ್ತೂ ಪಂಪ್ ಪೆಟ್ರೋಲನ್ನು ಬಿಸಿ ಎಂಜಿನ್ ಮೇಲೆ, ಡಿಸ್ಟ್ರಿಬ್ಯೂಟರ್ ಕಡೆಗೆ ಸುರಿಯುತ್ತಲೇ ಇರುತ್ತದೆ. ಚಾಲಕ ಮುಂದೆ ಕುಳಿತಿರುತ್ತಾನೆ, ಎಂಜಿನ್ ಹಿಂದೆ. ಹಿಂದಿನ ಬೈಕಿನವನು ಕೂಗಿ ಹೇಳಿದಾಗಲೇ ಗೊತ್ತಾಗುವುದು. ಎಂಜಿನ್‌ನ ಕೇಸ್ ಮೆಗ್ನೀಸಿಯಂ ಮಿಶ್ರಲೋಹದ್ದು. ಅದಕ್ಕೆ ಹತ್ತಿದ ಬೆಂಕಿಗೆ ನೀರು ಸುರಿದರೆ ಇನ್ನಷ್ಟು ಭುಗಿಲೇಳುತ್ತದೆ.

ಗಾಡಿ ಪೂರ್ತಿ ತಣ್ಣಗಾದ ಮೇಲೆ ಆ ಕೊಳವೆಯನ್ನು ಎರಡು ಬೆರಳಿನಲ್ಲಿ ಹಿಡಿದು ತಿರುಗಿಸಿ ನೋಡಿ. ಪಂಪ್ ಮತ್ತು ಕಾರ್ಬುರೇಟರ್ ನಡುವೆ ಪ್ಲಾಸ್ಟಿಕ್ ಫಿಲ್ಟರ್ ನೇತಾಡುತ್ತಿದೆಯೇ ಎಂದೂ ತಿಳಿಸಿ. ಅದರ ಭಾರವೇ ಕೊಳವೆಯನ್ನು ಜಗ್ಗುತ್ತದೆ. ಫಿಲ್ಟರ್ ಇರಬೇಕಾದದ್ದು ಪಂಪಿಗಿಂತ ಮೊದಲು. ರಬ್ಬರ್ ಪೈಪ್ ಯಾವ ಕಾಲದ್ದು? ಈಗಿನ ಎಥೆನಾಲ್ ಬೆರೆತ ಪೆಟ್ರೋಲ್‌ಗೆ ಹಳೆಯ ರಬ್ಬರ್ ತಾಳುವುದಿಲ್ಲ.

ಜಯನಗರ ಟೆಕ್ಕಿ: ಇದಕ್ಕೇ ನಾನು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದ್ದು. ಪಾಯಿಂಟ್, ಕಂಡೆನ್ಸರ್ ಹುಡುಕುವ ಗೋಳೇ ಇಲ್ಲ.

ರಾಜಾಜಿನಗರ 67: ಅದಕ್ಕೂ ಕ್ಯಾಪ್, ರೋಟರ್ ಬೇಕೇ ಬೇಕಲ್ಲ ಸ್ವಾಮಿ. ಪಾಯಿಂಟ್ ಕೆಟ್ಟರೆ ಹೊಸೂರು ರಸ್ತೆಯ ಬದಿಯಲ್ಲೇ ಸರಿಮಾಡಿಕೊಂಡು ಹೊರಡಬಹುದು. ಪಾಯಿಂಟ್ ಬದಲು ಕೂರಿಸಿದ ನಿಮ್ಮ ಮಾಡ್ಯೂಲ್ ಸತ್ತರೆ?

ಜಯನಗರ ಟೆಕ್ಕಿ: ಡ್ಯಾಶ್‌ಬೋರ್ಡ್‌ನಲ್ಲಿ ಇನ್ನೊಂದು ಇಟ್ಟಿರುತ್ತೇನೆ. ರಸ್ತೆಬದಿಯಲ್ಲಿ ಅಂತರ ಅಳೆಯುವ ಫೀಲರ್ ಗೇಜ್ ಹಿಡಿದು ಕೂರುವುದನ್ನು ಪರಂಪರೆ ಎಂದು ಹೆಮ್ಮೆಪಡುವವರಿಗೆ ಹೇಳಿ ಪ್ರಯೋಜನವಿಲ್ಲ.

ರಾಜಾಜಿನಗರ 67: ನಿಮ್ಮ ಗಾಡಿ ಟೋಯಿಂಗ್ ಲಾರಿಯ ಮೇಲೆ ಓಡಿದ್ದೇ ಹೆಚ್ಚು. ಕಳೆದ ರ್‍ಯಾಲಿಯಲ್ಲಿ ಎಲ್ಲರೂ ನೋಡಿದ್ದೇವೆ.

ಜಯನಗರ ಟೆಕ್ಕಿ: ಅದು ಬ್ಯಾಟರಿ ತೊಂದರೆ. ಗೊತ್ತಿಲ್ಲದೆ ಮಾತನಾಡಬೇಡಿ.

ಹಲಸೂರು ಸವಾರ: ಶಿವಾಜಿನಗರದ ಗುಜರಿಯಲ್ಲಿ ಪಾಯಿಂಟ್ ಸಿಗಬಹುದೇ?

ಮೆಕ್ಯಾನಿಕ್: ಹಲಸೂರಿನವರೇ, ನಂಬರ್. ಮೊದಲು ನಂಬರ್. ಗುಜರಿಯಲ್ಲಿ ಡಿಸ್ಟ್ರಿಬ್ಯೂಟರ್ ಸಿಕ್ಕರೂ ಅದರ ಶಾಫ್ಟನ್ನು ಅಡ್ಡಕ್ಕೆ ಅಲ್ಲಾಡಿಸಿ ನೋಡದೆ ದುಡ್ಡು ಕೊಡಬೇಡಿ. ಶಾಫ್ಟ್ ಹಿಡಿಯುವ ಬುಷ್ ಸವೆದಿದ್ದರೆ ಪಾಯಿಂಟ್ ಅಂತರ ನಿಲ್ಲುವುದೇ ಇಲ್ಲ.

ಕಾದಾಡುತ್ತಿರುವ ಇಬ್ಬರಿಗೂ: ಹಲವು ಮಾಡ್ಯೂಲ್‌ಗಳಿಗೆ ಕಾಯಿಲ್‌ನ ಪ್ರೈಮರಿ ರೋಧ ಸುಮಾರು 3 ಓಮ್ ಇರಲೇಬೇಕು. ಎಂಜಿನ್ ನಿಂತಿರುವಾಗ ಕೀಲಿ ಆನ್ ಇಟ್ಟು ರೇಡಿಯೋ ಕೇಳಿದರೆ ಮಾಡ್ಯೂಲ್ ಸುಡಬಹುದು. ಪಾಯಿಂಟ್ ಇದ್ದರೆ ಕಾಯಿಲ್ ಬಿಸಿಯಾಗುತ್ತದೆ. ಉಳಿದ ಜಗಳವನ್ನು ಬೇರೆಡೆ ಮುಗಿಸಿಕೊಳ್ಳಿ.

ಯಲಹಂಕ 69: ಸರ್, ಮೂರನೇ ಸಿಲಿಂಡರ್‌ನ ಟೈಮಿಂಗ್ ಮಾತ್ರ ಹಿಂದೆ ತೋರಿಸುತ್ತಿದೆ. ಡಿಸ್ಟ್ರಿಬ್ಯೂಟರ್ ಬದಲಿಸಬೇಕೇ?

ಮೆಕ್ಯಾನಿಕ್: ಒಳ್ಳೆಯ ಪ್ರಶ್ನೆ. ಬೇಡ. ಆ ಕಾಲದ ಆಯಿಲ್ ಕೂಲರ್ ಫ್ಯಾನ್‌ನ ಗಾಳಿಗೆ ಅಡ್ಡ ನಿಂತು ಮೂರನೆಯದಕ್ಕೆ ತಂಪು ಕಡಿಮೆ. ಅದಕ್ಕೇ ಕೆಲವು ಡಿಸ್ಟ್ರಿಬ್ಯೂಟರ್‌ಗಳಲ್ಲಿ ಅದರ ಕಿಡಿ ಮಾತ್ರ ಕೆಲವು ಡಿಗ್ರಿ ತಡವಾಗಿ ಬರುವಂತೆ, ಪಾಯಿಂಟ್ ತೆರೆಯುವ ಕ್ಯಾಮನ್ನೇ ತಿದ್ದಿರುತ್ತಾರೆ. ನಿಮ್ಮದು ಆ ನಂಬರಿನದೇ ಎಂದು ಖಚಿತಪಡಿಸಿಕೊಂಡು ಹಾಗೆಯೇ ಬಿಡಿ.

ಕೋರಮಂಗಲ ಕನ್ವರ್ಟಿಬಲ್: 6 ವೋಲ್ಟ್ ಗಾಡಿಗೆ ರೇಡಿಯೋ ಎಲ್ಲಿ ಸಿಗುತ್ತದೆ?

ವಿಜಯನಗರ ಗ್ಯಾರೇಜ್: ಪೆಟ್ರೋಲ್ ವಾಸನೆಗೆ ಎಂಜಿನ್ ಹತ್ತಿರ ಕರ್ಪೂರ ಇಡಬಹುದು ಎಂದು ಓದಿದ್ದೆ.

ಮೆಕ್ಯಾನಿಕ್: ಪೆಟ್ರೋಲ್ ಸೋರುವ ಕಡೆ ಕರ್ಪೂರ. ನಿರ್ವಾಹಕರೇ, ಇವರನ್ನು ಸ್ವಲ್ಪ ಹೊತ್ತು ಸುಮ್ಮನಾಗಿಸುತ್ತೀರಾ?

ವಿಜಯನಗರ ಗ್ಯಾರೇಜ್: ತಿಳಿದವರಿಗೆ ಇಷ್ಟು ಸಿಟ್ಟು ಒಳ್ಳೆಯದಲ್ಲ.

ಬಸವನಗುಡಿ 71: ಸರ್, ಕೊಳವೆ ಬೆರಳಿನಲ್ಲೇ ತಿರುಗಿತು. ಬುಡದಲ್ಲಿ ಒದ್ದೆ ಇದೆ. ಫಿಲ್ಟರ್ ನೀವು ಹೇಳಿದ ಜಾಗದಲ್ಲೇ ನೇತಾಡುತ್ತಿದೆ. ಮೇಲೊಂದು ಕ್ಲಿಪ್ ಬಿಗಿದರೆ ಸಾಕೇ?

ಮೆಕ್ಯಾನಿಕ್: ಸಾಲದು. ಕ್ಲಿಪ್ ಹಿಡಿಯುವುದು ಪೈಪನ್ನು, ಕೊಳವೆಯನ್ನಲ್ಲ. ಕಾರ್ಬುರೇಟರ್‌ನ ಮೇಲ್ಭಾಗವನ್ನು ಬಿಚ್ಚಿ ಲೇತ್‌ನವರಿಗೆ ಕೊಡಿ. ರಂಧ್ರಕ್ಕೆ ಮರೆ ಹಾಕಿ, ಮರೆ ಇರುವ ಹಿತ್ತಾಳೆ ನಿಪ್ಪಲ್ ಕೂರಿಸಲಿ. ಪೆಟ್ರೋಲ್ ಪೈಪ್‌ಗಳೆಲ್ಲ ಹೊಸದಾಗಲಿ. ಕ್ಯಾಪ್, ರೋಟರ್ ಎರಡನ್ನೂ ಒಟ್ಟಿಗೇ ತರಿಸಿ. ಒಣಪುಡಿಯ ಅಗ್ನಿಶಾಮಕವೊಂದು ಸೀಟಿನ ಪಕ್ಕದಲ್ಲಿರಲಿ. ಮೈಸೂರಿಗೆ ರೈಲಿದೆ.