ಎರಡು ಮನೆಗೂ ಒಂದೇ ಸೆಪ್ಟಿಕ್ ಟ್ಯಾಂಕ್, ಇಂಥ ಹಳ್ಳಿ ಮನೆ ತಗೋಬಹುದಾ?

ಹೆಂಚಿನಮನೆ_ಕನಸು:
ನಮಸ್ಕಾರ ಎಲ್ರಿಗೂ. ತೀರ್ಥಹಳ್ಳಿ ಕಡೆ ಒಂದು ಹಳೇ ಹೆಂಚಿನ ಮನೆ ನೋಡಿದೀವಿ, ಅಪ್ಪ ಅಮ್ಮಂಗೆ ಇನ್ಮೇಲೆ ಅಲ್ಲೇ ಇರ್ಬೇಕು ಅಂತ ಆಸೆ. ಮನೆ ಗಟ್ಟಿಯಾಗಿದೆ, ಹಿತ್ತಲಲ್ಲಿ ಬಾವಿ ಇದೆ, ಬೇಸಿಗೆಲೂ ಬತ್ತಲ್ಲ ಅಂತಾರೆ. ವಿಷ್ಯ ಏನಂದ್ರೆ ಇದು ಅಣ್ಣ ತಮ್ಮ ಪಾಲು ಮಾಡ್ಕೊಂಡಿರೋ ಮನೆ, ಮಧ್ಯ ಗೋಡೆ ಎಬ್ಬಿಸಿದಾರೆ, ತಮ್ಮ ಅವರ ಭಾಗ ಮಾರ್ತಿದಾರೆ. ಎರಡೂ ಮನೆ ಟಾಯ್ಲೆಟ್ ಪೈಪು ಹೋಗೋದು ಒಂದೇ ಸೆಪ್ಟಿಕ್ ಟ್ಯಾಂಕಿಗೆ, ಅದಿರೋದು ಅಣ್ಣನ ಜಾಗದಲ್ಲಿ. ಕೇಳಿದ್ರೆ "ನಾವು ನಾವೇ ಅಲ್ವಾ, ಯಾವತ್ತೂ ತೊಂದ್ರೆ ಆಗಿಲ್ಲ" ಅಂತಾರೆ. ಯಾವಾಗ ಖಾಲಿ ಮಾಡ್ಸಿದ್ದು ಅಂತ ಯಾರಿಗೂ ನೆನಪಿಲ್ಲ. ಬಾವಿಗೂ ಅದಕ್ಕೂ ಕಣ್ಣಂದಾಜಲ್ಲಿ 35 ಅಡಿ ಇರ್ಬೋದು. ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ. ಏನು ನೋಡ್ಬೇಕು ಹೇಳಿ ಪ್ಲೀಸ್.

ಪುತ್ತೂರಿನವ:
ಅವರಿಗೆ ತೊಂದರೆ ಆಗ್ಲಿಲ್ಲ, ಯಾಕಂದ್ರೆ ಅವರು ಅಣ್ಣ ತಮ್ಮ ಮಾರಾಯ್ರೆ, ನೀವು ಹೊರಗಿನವರು. ನಮ್ಮಲ್ಲಿಯೂ ಹೀಗೇ ಇತ್ತು. ದೊಡ್ಡಪ್ಪ ಇರುವವರೆಗೆ ಮಾತೇ ಇರ್ಲಿಲ್ಲ, ಆಮೇಲೆ ಆ ಜಾಗ ಬೇರೆಯವರಿಗೆ ಹೋಯ್ತು, ಅವರು ಕಾರು ನಿಲ್ಲಿಸ್ಲಿಕ್ಕೆ ಅಂತ ಟ್ಯಾಂಕಿನ ಮುಚ್ಚಳದ ಮೇಲೆಯೇ ಕಾಂಕ್ರೀಟ್ ಹಾಕಿಬಿಟ್ರು. ಮಳೆಗಾಲದಲ್ಲಿ ಟ್ಯಾಂಕ್ ತುಂಬಿ ನಮ್ಮ ಬಚ್ಚಲಿಗೆ ವಾಪಸ್ ಬಂತು, ಸಕ್ಕಿಂಗ್ ಗಾಡಿ ತರಿಸಿದ್ರೆ ಪೈಪು ಇಳಿಸ್ಲಿಕ್ಕೆ ಜಾಗ ಇಲ್ಲ, ಒಡೆಯಿರಿ ಅಂದ್ರೆ ಒಡೆಯುವುದಿಲ್ಲ ಅಂತ ಅವರು. ನಮ್ಮ ಹತ್ರ ತೋರಿಸ್ಲಿಕ್ಕೆ ಒಂದು ಕಾಗದ ಇರ್ಲಿಲ್ಲ. ವಯಸ್ಸಾದವರು ಇರುವ ಮನೆ ಅಂತೀರಿ, ದಯವಿಟ್ಟು ಬಾಯಿಮಾತು ನಂಬಿ ದುಡ್ಡು ಕೊಡ್ಬೇಡಿ.

ಸೈಟ್_ಸೂಪರ್‌ವೈಸರ್:
ಮೊದ್ಲು ಅದು ನಿಜವಾಗ್ಲೂ ಸೆಪ್ಟಿಕ್ ಟ್ಯಾಂಕಾ ನೋಡಿ. ಹಳ್ಳಿ ಕಡೆ ಸಿಮೆಂಟ್ ರಿಂಗ್ ಇಳಿಸಿದ ಗುಂಡಿಗೂ ಸೆಪ್ಟಿಕ್ ಟ್ಯಾಂಕ್ ಅಂತಾನೇ ಕರೀತಾರೆ. ಟ್ಯಾಂಕ್ ಅಂದ್ರೆ ತಳ, ಗೋಡೆ ಎಲ್ಲಾ ಸೋರದಂಗೆ ಪ್ಲಾಸ್ಟರ್ ಆಗಿರ್ಬೇಕು, ಒಳಗೆ ಬರೋ ಕಡೆ ಹೊರಗೆ ಹೋಗೋ ಕಡೆ T ಆಕಾರದ ಪೈಪ್ ಇರ್ಬೇಕು, ಹೊರಬಂದ ನೀರು ಬೇರೆ ಇಂಗುಗುಂಡಿಗೆ ಹೋಗ್ಬೇಕು. ತಳ ಇಲ್ದೇ ಇರೋ ಗುಂಡಿಯಾದ್ರೆ ಎಲ್ಲಾ ಸೀದಾ ಮಣ್ಣಿಗೇ ಹೋಗುತ್ತೆ, ಆಗ ನಿಮ್ಮ ಬಾವಿ ಕಥೆ ಏನು? ಸೆಪ್ಟಿಕ್ ಟ್ಯಾಂಕಿಗೆ ಇರೋ ಭಾರತೀಯ ಮಾನದಂಡ ಐಎಸ್ 2470 ಪ್ರಕಾರ ಇಂಗುಗುಂಡಿ ಕುಡಿಯೋ ನೀರಿನ ಬಾವಿಯಿಂದ 18 ಮೀಟರ್ ಆದ್ರೂ ದೂರ ಇರ್ಬೇಕು, ಅಂದ್ರೆ ಸುಮಾರು 60 ಅಡಿ. ನೀವು ಹೇಳ್ತಿರೋ 35 ಅಡಿ ಸಾಲಲ್ಲ. ಸೈಜು ನೋಡಿದ್ರೆ ಎರಡೂ ಮನೆ ಸೇರಿ ಹತ್ತು ಜನಕ್ಕೆ 2 ಮೀಟರ್ ಉದ್ದ, 0.9 ಅಗಲ, 1.4 ಮೀಟರ್ ನೀರಿನ ಆಳ ಬೇಕು, ಅದೂ ಎರಡು ವರ್ಷಕ್ಕೊಮ್ಮೆ ಖಾಲಿ ಮಾಡ್ಸಿದ್ರೆ. ಬಾವಿ ನೀರು ಜಿಲ್ಲಾ ಲ್ಯಾಬಲ್ಲಿ ಟೆಸ್ಟ್ ಮಾಡ್ಸಿ, ಇ-ಕೊಲೈ (ಮಲದಿಂದ ಬರೋ ಬ್ಯಾಕ್ಟೀರಿಯಾ) ಮತ್ತೆ ನೈಟ್ರೇಟ್ ಎರಡೂ ಕೇಳಿ.

ಇನ್ನೊಂದು, ಮುಚ್ಚಳ ತೆಗ್ಸೋವಾಗ ಬಗ್ಗಿ ನೋಡೋಕೆ ಹೋಗ್ಬೇಡಿ, ಬೀಡಿ ಬೆಂಕಿ ಹತ್ರ ತರ್ಬೇಡಿ, ಯಾರನ್ನೂ ಒಳಗೆ ಇಳಿಸ್ಬೇಡಿ. ಟ್ಯಾಂಕ್ ಒಳಗಿರೋ ವಿಷ ಗ್ಯಾಸಿಗೆ ಒಬ್ರು ಬಿದ್ರೆ ಎತ್ತೋಕೆ ಹೋದವ್ರೂ ಸಾಯ್ತಾರೆ. ಮಲ ಹೊರೋ ಪದ್ಧತಿ ನಿಷೇಧಿಸೋ 2013ರ ಕಾನೂನಲ್ಲಿ ರಕ್ಷಣಾ ಸಾಮಾನಿಲ್ದೇ ಇಳಿಸೋದು ಅಪರಾಧ, ಇಳಿಸಿದವ್ರಿಗೆ ಜೈಲು. ಮಷಿನ್ನೇ ತರ್ಸಿ.

ಪತ್ರ_ಪಹಣಿ:
ಕಾಗದದ ವಿಷ್ಯ ನಾನು ಹೇಳ್ತೀನಿ. ಪಾಲು ರಿಜಿಸ್ಟರ್ ಆಗಿದ್ಯಾ, ಇ-ಸ್ವತ್ತು (ಗ್ರಾಮ ಪಂಚಾಯ್ತಿ ಆಸ್ತಿ ದಾಖಲೆ) ಫಾರಂ 9 ಮತ್ತೆ 11 ಇಬ್ಬರ ಹೆಸರಿಗೂ ಬೇರೆ ಬೇರೆ ಬಂದಿದ್ಯಾ ನೋಡಿ. ಬಾಯಿಮಾತಿನ ಪಾಲಾದ್ರೆ ಅಲ್ಲಿಗೇ ನಿಲ್ಸಿ, ಪಾಲಾಗದ ಕುಟುಂಬದ ವಾಸದ ಮನೇಲಿ ಒಬ್ಬರ ಪಾಲು ಕೊಂಡ ಹೊರಗಿನವರು ಅಲ್ಲಿ ಜೊತೆಗೆ ವಾಸ ಮಾಡೋ ಹಕ್ಕು ಕೇಳೋಕಾಗಲ್ಲ, ಆಸ್ತಿ ವರ್ಗಾವಣೆ ಕಾಯ್ದೆ ಸೆಕ್ಷನ್ 44.

ಪಾಲಾಗಿದ್ರೆ, ಪಾಲಾಗೋವಾಗ ಬಳಕೆಲಿದ್ದ ಚರಂಡಿ, ಪೈಪು, ದಾರಿಗೆ 1882ರ ಈಸ್‌ಮೆಂಟ್ ಕಾಯ್ದೆ (ಬೇರೆಯವರ ಜಾಗ ಬಳಸೋ ಹಕ್ಕಿನ ಕಾನೂನು) ಸೆಕ್ಷನ್ 13ರಲ್ಲಿ ರಕ್ಷಣೆ ಇದೆ ನಿಜ. ಆದ್ರೆ ಅದನ್ನ ಕೋರ್ಟಲ್ಲಿ ಸಾಬೀತು ಮಾಡೋಕೆ ವರ್ಷಗಟ್ಲೆ ಅಲೀಬೇಕು. ಎಲ್ರೂ ಮರೆಯೋದು ಇಲ್ಲೇ: ತಮ್ಮ ಬರ್ಕೊಡೋ ಕ್ರಯಪತ್ರದಲ್ಲಿ "ಟ್ಯಾಂಕ್ ಬಳಸೋ ಹಕ್ಕು ಸಹಿತ" ಅಂತಿದ್ರೆ ಮಾತ್ರ ಸಾಲದು, ಜಾಗ ಅಣ್ಣಂದು, ಹಕ್ಕು ಅಣ್ಣ ಬರ್ಕೊಡ್ಬೇಕು. ಅವರ ಸಹಿ ಇರೋ ಪತ್ರ ಬೇರೇನೇ ರಿಜಿಸ್ಟರ್ ಮಾಡ್ಸಿ, ಅದ್ರಲ್ಲಿ ಟ್ಯಾಂಕ್ ಎಲ್ಲಿದೆ ಅಂತ ಚಕ್ಕುಬಂದಿ ಸಮೇತ ಸ್ಕೆಚ್ ಇರ್ಲಿ, ಗಾಡಿ ಬರೋ ದಾರಿ, ಖಾಲಿ ಮಾಡ್ಸೋ ಖರ್ಚು ಯಾರದ್ದೆಷ್ಟು, ಮೇಲೆ ಏನೂ ಕಟ್ಬಾರ್ದು, ಮುಂದೆ ಯಾರು ಕೊಂಡ್ರೂ ಇದೇ ಅನ್ವಯ ಅಂತ ಬರೀಲಿ. ಆಗ ಅಣ್ಣನ ಆಸ್ತಿ ಇಸಿ (ಋಣಭಾರ ಪತ್ರ) ತೆಗೆದ್ರೂ ಅದು ಕಾಣುತ್ತೆ.

ಹೆಂಚಿನಮನೆ_ಕನಸು:
ತುಂಬಾ ಥ್ಯಾಂಕ್ಸ್ ಎಲ್ರಿಗೂ. ಪಾಲು ರಿಜಿಸ್ಟರ್ ಆಗಿದೆಯಂತೆ, ಕಾಪಿ ಕೇಳಿದೀನಿ. ಅಣ್ಣ ಸಹಿ ಹಾಕೋದು ಡೌಟು. ನಮ್ಮ ಭಾಗದಲ್ಲೇ ಬೇರೆ ಟ್ಯಾಂಕ್ ಕಟ್ಟಿಸಿದ್ರೆ?

ಸೈಟ್_ಸೂಪರ್‌ವೈಸರ್:
ಅದೇ ಒಳ್ಳೇದು, ಜಾಗ ಇದ್ರೆ. ಬಾವಿಗಿಂತ ಇಳಿಜಾರಿನ ಕಡೆ 60 ಅಡಿ ಸಿಗುತ್ತಾ ಟೇಪ್ ಹಿಡ್ದು ಅಳೀರಿ, ಕಣ್ಣಂದಾಜು ಬೇಡ. ನಿಮ್ಮ ಕಡೆ ಮಳೆಗಾಲದಲ್ಲಿ ಅಂತರ್ಜಲ ಮೇಲಕ್ಕೆ ಬರುತ್ತೆ, ಬೇಸಿಗೆಲಿ ಚೆನ್ನಾಗಿ ಇಂಗೋ ಗುಂಡಿ ಆಗಸ್ಟಲ್ಲಿ ಇಂಗಲ್ಲ, ಅದಕ್ಕೆ ಜೋರು ಮಳೆ ಇರೋವಾಗ ಹೋಗಿ ಜಾಗ ನೋಡಿ. ಹೊಸ ಟ್ಯಾಂಕ್ ಖರ್ಚನ್ನ ಮನೆ ರೇಟಲ್ಲಿ ಇಳಿಸ್ಕೊಳ್ಳಿ. ಆದ್ರೆ ಅಣ್ಣನ ಹಳೇ ಗುಂಡಿ ಅಲ್ಲೇ ಇರುತ್ತಲ್ಲ, ಬಾವಿ ನೀರಿನ ರಿಪೋರ್ಟ್ ಬರೋವರೆಗೂ ಅಡ್ವಾನ್ಸ್ ಕೊಡ್ಬೇಡಿ.